ಮಸೂದೆಗೆ ಪೆನ್ಸಿಲ್, ಕಾಯ್ದೆಗೆ ಮೈದಾ ಅಂಟು

ಬೆಳಗಿನ ಐದೂವರೆ. ಕತ್ರಿಗುಪ್ಪೆಯ ಆ ಸಣ್ಣ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಮುನಿಲಕ್ಷ್ಮಮ್ಮನವರ ಒಲೆಯ ಮೇಲೆ ಮಾತ್ರ ಆಗಲೇ ಮೈದಾ ಬೇಯುತ್ತಿದೆ. ಅಲ್ಯುಮಿನಿಯಂ ಪಾತ್ರೆ, ಮರದ ಸೌಟು, ಕೈ ಬಿಡದೆ ತಿರುವುವ ಅರವತ್ತೊಂದರ ಹೆಂಗಸು. ಗಂಟು ಕಟ್ಟಬಾರದು, ತಳ ಹಿಡಿಯಬಾರದು. ಕೊನೆಗೆ ಕಡಲೆಕಾಳಿನಷ್ಟು ಮೈಲುತುತ್ತ ಪುಡಿ ಮಾಡಿ ಹಾಕುತ್ತಾರೆ, ಹುಳ ಬರದಿರಲೆಂದು. ಬಾಗಿಲಲ್ಲಿ ನೀರು ಹಾಕುತ್ತಿದ್ದ ಪಕ್ಕದ ಮನೆಯ ಚೈತ್ರ ವಾಸನೆ ಹಿಡಿದು ಇಣುಕುತ್ತಾಳೆ.

"ಏನಾಂಟಿ, ಗಣೇಶನ ಪೆಂಡಾಲ್‌ಗಾ? ಬಣ್ಣದ ಪೇಪರ್ ಅಂಟ್ಸೋಕಾ?"

"ಗಣೇಶಂಗಲ್ಲ ಕಣವ್ವ, ಇನ್‌ಕಂ ಟ್ಯಾಕ್ಸ್‌ಗೆ. ಗೆಜೆಟ್ ಬಂದದೆ."

ಚೈತ್ರಳಿಗೆ ತಲೆಬುಡ ತಿಳಿಯುವುದಿಲ್ಲ. ತಿಳಿಯದಿದ್ದುದು ಅವಳ ತಪ್ಪೂ ಅಲ್ಲ ಬಿಡಿ. ದೆಹಲಿಯಲ್ಲಿ ಒಂದು ತೆರಿಗೆ ಕಾನೂನು ಹುಟ್ಟಿದರೆ ಕತ್ರಿಗುಪ್ಪೆಯಲ್ಲಿ ಮೈದಾ ಯಾಕೆ ಬೇಯಬೇಕು ಎಂದು ಕೇಳಿದರೆ, ಈ ಬೆಂಗಳೂರಿನಲ್ಲಿ ಉತ್ತರ ಹೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ಮುನಿಲಕ್ಷ್ಮಮ್ಮ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಕಾನೂನಿನ ಪುಸ್ತಕಗಳಿಗೆ ತಿದ್ದುಪಡಿಯ ಚೀಟಿ ಅಂಟಿಸುತ್ತಾರೆ, ಹರಿದದ್ದನ್ನು ಹೊಲಿಯುತ್ತಾರೆ, ರಟ್ಟು ಕಟ್ಟುತ್ತಾರೆ. ಪ್ರತಿವರ್ಷ ಬಜೆಟ್ ಬರುತ್ತದೆ, ಪ್ರತಿವರ್ಷ ಕಾಯ್ದೆಯ ಹತ್ತಾರು ಸಾಲುಗಳು ಬದಲಾಗುತ್ತವೆ. ಹೊಸ ಪುಸ್ತಕ ಬರುವವರೆಗೆ ಹಳೆಯ ಸಾಲಿನ ಮೇಲೆ ಹೊಸ ಸಾಲಿನ ಚೀಟಿ ಕೂರಬೇಕು. ಒಂದು ವರ್ಷ ಒಂದೇ ಪುಸ್ತಕಕ್ಕೆ ನೂರಾ ನಲವತ್ತು ಚೀಟಿ ಬಿದ್ದದ್ದೂ ಉಂಟು. ಒಂದು ಕಾಲಕ್ಕೆ ಜಯನಗರ, ಬನಶಂಕರಿ, ಜೆ.ಪಿ. ನಗರ ಸೇರಿ ಹದಿನಾಲ್ಕು ಕಚೇರಿಗಳಿಗೆ ಹೋಗುತ್ತಿದ್ದರು. ಈಗ ಉಳಿದಿರುವುದು ಮೂರು. ಮಿಕ್ಕ ಹನ್ನೊಂದು ಕಡೆಯವರು ಕಂಪ್ಯೂಟರ್ ಪರದೆಯಲ್ಲೇ ಓದಿಕೊಳ್ಳುತ್ತಾರೆ.

ಓದಿದ್ದು ಎಷ್ಟು ಅಂತೀರಾ? ಕನ್ನಡ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು. ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗ ಅಪ್ಪ ಅಲ್ಲೇ ಸೊಪ್ಪು ಬೆಳೆಯುತ್ತಿದ್ದರು. ಮದುವೆಗೆ ಮುಂಚೆ ಮುನಿಲಕ್ಷ್ಮಮ್ಮ ಊದುಬತ್ತಿ ಡಬ್ಬಿಗೆ ಕಾಗದ ಅಂಟಿಸುವ ಕೆಲಸಕ್ಕಿದ್ದರು. ಗಂಡ ತೀರಿಕೊಂಡ ಮೇಲೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಡಿಟರ್ ರಾಮಪ್ರಸಾದರ ಕಚೇರಿಯಲ್ಲಿ ಕಸ ಗುಡಿಸಲು ಸೇರಿದರು. ಅದಾಗಿ ಇಪ್ಪತ್ತೊಂಬತ್ತು ವರ್ಷ. ಒಂದು ದಿನ ಮೇಜಿನ ಮೇಲೆ ಚೀಟಿಗಳ ರಾಶಿ, ಅದರ ಮುಂದೆ ತಲೆ ಮೇಲೆ ಕೈಹೊತ್ತು ಕೂತ ರಾಮಪ್ರಸಾದರು. "ಕೊಡಿ ಸಾರ್, ನಾನ್ ಅಂಟಿಸ್ತೀನಿ" ಎಂದರಂತೆ. ಅಂಕಿ ಓದಲು ಬರುತ್ತಿತ್ತು, ಕೈ ನೇರವಾಗಿತ್ತು, ಅಷ್ಟು ಸಾಕಾಯಿತು. ಇಂಗ್ಲಿಷಿನಲ್ಲಿ ಅವರಿಗೆ ಗೊತ್ತಿರುವ ಪದಗಳು ಇವತ್ತಿಗೂ ಇಪ್ಪತ್ತು ಮೀರಲಾರವು. ಆದರೆ 'ಬಿಲ್' ಮತ್ತು 'ಆಕ್ಟ್' ಎಂಬೆರಡನ್ನು ಕತ್ತಲಲ್ಲಿ ತೋರಿಸಿದರೂ ಗುರುತಿಸುತ್ತಾರೆ. ಆ ಎರಡು ಪದ ಕಲಿತದ್ದು ಒಂದು ಎಡವಟ್ಟಿನಿಂದ.

ಹದಿನೇಳು ವರ್ಷದ ಹಿಂದಿನ ಮಾತು. ಬಜೆಟ್ ಆದ ನಾಲ್ಕೇ ದಿನಕ್ಕೆ ಪ್ರಕಾಶಕರೊಬ್ಬರು ಅವಸರವಸರವಾಗಿ ಚೀಟಿ ಅಚ್ಚು ಹಾಕಿ ಕಳಿಸಿದರು. ಮುನಿಲಕ್ಷ್ಮಮ್ಮ ಹನ್ನೊಂದು ಪುಸ್ತಕಕ್ಕೆ ಬಿಗಿಯಾಗಿ ಅಂಟಿಸಿ ಬಂದರು. ಆದರೆ ಅದು ಮಸೂದೆಯ ಮಾತು. ಲೋಕಸಭೆಯಲ್ಲಿ ಪಾಸಾಗುವ ಹೊತ್ತಿಗೆ ಸರ್ಕಾರವೇ ಒಂದು ಅಂಕಿ ಬದಲಾಯಿಸಿತ್ತು. ಅಷ್ಟರಲ್ಲಿ ಆ ಚೀಟಿ ನೋಡಿಕೊಂಡೇ ಕಚೇರಿಯವರು ಶಂಭುಲಿಂಗಪ್ಪ ಎಂಬ ನಿವೃತ್ತ ಮೇಷ್ಟರಿಗೆ ಸಲಹೆ ಕೊಟ್ಟಾಗಿತ್ತು. ಪಾಪ, ಆ ತಪ್ಪು ಲೆಕ್ಕ ಸರಿಪಡಿಸಿಕೊಳ್ಳಲು ಆ ವಯಸ್ಸಿನಲ್ಲಿ ಅವರು ಕುಮಾರಸ್ವಾಮಿ ಲೇಔಟಿನಿಂದ ಮೂರು ಸಲ ಬಸ್ಸು ಹತ್ತಿ ಅಲೆದರು.

"ಯಾರೂ ನನ್ನ ಬಯ್ಯಲಿಲ್ಲ. ಬೈದಿದ್ರೆ ವಾಸಿಯಾಗಿತ್ತು" ಎನ್ನುತ್ತಾರೆ ಮುನಿಲಕ್ಷ್ಮಮ್ಮ. "ಹನ್ನೊಂದೂ ಚೀಟಿ ನೀರು ಹಚ್ಚಿ ಎಬ್ಬಿಸ್ದೆ. ಒಂದರಾಗೆ ಕೆಳಗಿನ ಅಸಲು ಸಾಲೇ ಕಿತ್ಕಂಡು ಬಂದ್ಬುಡ್ತು. ಬೇರೆ ಪುಸ್ತಕ ನೋಡ್ಕಂಡು ಒಂದೊಂದೇ ಅಕ್ಷರ ಚಿತ್ರ ಬರ್ದಂಗೆ ಬರ್ದೆ. ಆವತ್ತು ಸಾರ್‌ನ ಕೇಳ್ದೆ, ಈ ಕಾನೂನು ಅನ್ನೋದು ಎಲ್ಲಿ ಹುಟ್ತದೆ, ಯಾವಾಗ ಗಟ್ಟಿ ಆಗ್ತದೆ, ಹೇಳ್ಬುಡಿ ಅಂತ."

ರಾಮಪ್ರಸಾದರು ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಐದು ಚೌಕ ಬರೆದು ತೋರಿಸಿದರು. ಆ ಹಾಳೆ ಇವತ್ತಿಗೂ ಮುನಿಲಕ್ಷ್ಮಮ್ಮನವರ ಟ್ರಂಕಿನಲ್ಲಿ ಭದ್ರವಾಗಿದೆ. ಕೇಳಿದವರಿಗೆ ಅವರು ಅದನ್ನು ತಮ್ಮದೇ ರೀತಿಯಲ್ಲಿ ಬಿಡಿಸಿ ಹೇಳುತ್ತಾರೆ, ಬಸ್ ರೂಟಿನ ಹಾಗೆ.

"ತೆರಿಗೆ ಬಿಲ್ಲು ಹೊರಡೋದು ಲೋಕಸಭೆ ಸ್ಟಾಪಿಂದ್ಲೇ, ಬೇರೆ ಕಡೆಯಿಂದ ಹೊರಡಂಗಿಲ್ಲ. ಏನಾರ ಸಂಶಯ ಬಂತಾ, ಸಮಿತಿಗೆ ಕಳಿಸ್ತಾರೆ, ಅದು ಡಿಪೋ. ರಿಪೇರಿ ಆಗಿ ಬಂದ್ಮೇಲೆ ಕಲಂ ಕಲಂ ಕೇಳ್ತಾರೆ. ಹಾಂ ಅನ್ನೋರು ಜಾಸ್ತಿ ಇದ್ರೆ ಪಾಸು. ಆಮೇಲೆ ರಾಜ್ಯಸಭೆ ಸ್ಟಾಪು. ಅಲ್ಲಿ ಹದಿನಾಲ್ಕು ದಿನಕ್ಕಿಂತ ಜಾಸ್ತಿ ನಿಲ್ಲಂಗಿಲ್ಲ. ಆಮೇಲೆ ರಾಷ್ಟ್ರಪತಿ ಸೈನು. ಲಾಸ್ಟ್ ಸ್ಟಾಪು ಗೆಜೆಟ್ಟು, ಸರ್ಕಾರದ್ದೇ ಪತ್ರಿಕೆ, ಅದ್ರಾಗೆ ಅಚ್ಚಾದ್ರೇನೇ ಗಟ್ಟಿ. ನಾನು ಲಾಸ್ಟ್ ಸ್ಟಾಪಲ್ಲಿ ಕಾಯೋಳು."

ರಾಜ್ಯಸಭೆಯ ವಿಷಯ ಅವರಿಗೆ ಮೊದಲಿನಿಂದಲೂ ಒಗಟು. ಹಣಕಾಸಿನ ಮಸೂದೆಗೆ ಆ ಸದನ ಸಲಹೆ ಕೊಡಬಹುದು, ಬೇಡ ಎಂದು ತಳ್ಳಿಹಾಕುವಂತಿಲ್ಲ. "ಬ್ಯಾಡ ಅನ್ನೋಕೆ ಆಗ್ದಿದ್ಮೇಲೆ ಕೇಳೋದ್ಯಾಕೆ ಸಾರ್?" ಎಂದು ಕೇಳಿದ್ದರಂತೆ. ರಾಮಪ್ರಸಾದರು ನಕ್ಕು, "ನಮ್ಮನೇಲಿ ನನ್ನನ್ನ ಕೇಳಲ್ವಾ, ಹಾಗೇ" ಎಂದರಂತೆ. ಆ ಉತ್ತರ ಅವರಿಗೆ ಚೆನ್ನಾಗಿ ಹಿಡಿಸಿದೆ. ಅಂದಿನಿಂದ ಸಂಸತ್ತು ನಡೆಯುವಾಗ ಟಿವಿಯಲ್ಲಿ ಕಲಾಪ ಹಾಕಿಕೊಂಡೇ ರಾಗಿಮುದ್ದೆ ತಿರುವುತ್ತಾರೆ. ಹಿಂದಿ ಬಾರದು, ಇಂಗ್ಲಿಷ್ ಬಾರದು. 'ಹಾಂ' ಮತ್ತು 'ನಾ' ಮಾತ್ರ ಕಿವಿಗೆ ಸಿಗುತ್ತದೆ. ಕೆಲಸಕ್ಕೆ ಬೇಕಾದದ್ದೂ ಅಷ್ಟೇ ಅಲ್ಲವೇ?

ಎಡವಟ್ಟಾದ ಮೇಲೆ ಅವರು ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡಿದ್ದಾರೆ. ಮಸೂದೆಯ ಮಾತನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುವುದು, ಅಷ್ಟೇ. ಗೆಜೆಟ್ ಬರುವವರೆಗೆ ಅಂಟು ಮುಟ್ಟುವಂತಿಲ್ಲ. ಯಾರು ಹೇಳಿದರೂ ಇಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಆ ಕಟ್ಟಳೆಗೇ ಕುತ್ತು ಬಂತು. ಅರವತ್ತೊಂದನೇ ಇಸವಿಯ ಹಳೆಯ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ ಪೂರ್ತಿ ಹೊಸದೊಂದು ಮಸೂದೆ ಲೋಕಸಭೆಗೆ ಬಂತು. ಆ ಹೊತ್ತಿಗೆ ಕಚೇರಿಯ ಯಜಮಾನಿಕೆ ರಾಮಪ್ರಸಾದರ ಮಗಳು ಸಂಹಿತಾಳ ಕೈಗೆ ಬಂದಿತ್ತು. ಮೂವತ್ತೊಂದರ ಹುರುಪಿನ ಹುಡುಗಿ. ಅಪ್ಪನ ಕುರ್ಚಿಯ ಕೆಳಗೆ ಬಣ್ಣದ ಪೆನ್ಸಿಲ್ ಹಿಡಿದು ಆಡುತ್ತಿದ್ದ ಕಾಲದಿಂದಲೂ ಮುನಿಲಕ್ಷ್ಮಮ್ಮ ಅವಳನ್ನು ಬಲ್ಲರು. ಗಿರಾಕಿಗಳೆದುರು 'ಮೇಡಂ', ಯಾರೂ ಇಲ್ಲದಾಗ 'ಪುಟ್ಟಿ'. ಸಂಹಿತಾ ಆರುನೂರು ಚಿಲ್ಲರೆ ಪುಟದ ಮಸೂದೆಯನ್ನು ಹನ್ನೆರಡು ಪ್ರತಿ ಮುದ್ರಿಸಿ ಮುಂದಿಟ್ಟಳು. ರಟ್ಟು ಕಟ್ಟಬೇಕು, ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ 'ಹೊಸ ಆದಾಯ ತೆರಿಗೆ ಕಾಯ್ದೆ' ಎಂದಿರಬೇಕು.

ಮುನಿಲಕ್ಷ್ಮಮ್ಮ ದಾರದಲ್ಲಿ ಹೊಲಿದರು. ರಟ್ಟಿಲ್ಲ, ಅಂಟಿಲ್ಲ. ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಒಂದೇ ಪದ: ಮಸೂದೆ.

"ಲಕ್ಷ್ಮಮ್ಮ, ಏನಿದು? ಪಾಸ್ ಆಗೇ ಆಗತ್ತೆ. ಮೆಜಾರಿಟಿ ಇದೆ ಅವ್ರಿಗೆ!"

"ಆಗ್ಲಿ ಮೇಡಂ. ಆದ್ಮೇಲೆ ಅಂಟಿಸ್ತೀನಿ."

"ನಿಮ್ಮ ಹಠ ನಿಮಗೆ. ಹೊಸದು ಬಂದ್ಮೇಲೆ ಎಲ್ಲಾ ಸಿಸ್ಟಮ್ಮಲ್ಲೇ ಇರತ್ತೆ, ಈ ಚೀಟಿ ಕೆಲಸನೇ ಇರಲ್ಲ. ಹಳೇ ಪುಸ್ತಕಗಳನ್ನೂ ಗುಜರಿಗೆ ಹಾಕ್ಬಿಡೋಣ."

ಸಿಟ್ಟಿನಲ್ಲಿ ಬಂದ ಮಾತೋ, ನಿಜವಾದ ಲೆಕ್ಕಾಚಾರವೋ? ಅಂತೂ ಮುನಿಲಕ್ಷ್ಮಮ್ಮನವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಚೀಟಿಗಳು, ಊದಿಕೊಂಡು ಎರಡರಷ್ಟು ದಪ್ಪಗಾದ ಪುಸ್ತಕಗಳು, ಚಿತ್ರದ ಹಾಗೆ ಬರೆದ ಆ ಒಂದು ಸಾಲು, ಎಲ್ಲ ಗುಜರಿಗೆ! ಈ ಕಚೇರಿಯೂ ಹೋದರೆ ಉಳಿದೆರಡು ಎಷ್ಟು ದಿನ? ಆದರೂ ಅಂಟು ಹಚ್ಚಲಿಲ್ಲ.

ಮಸೂದೆ ಡಿಪೋಗೆ, ಅಂದರೆ ಆಯ್ಕೆ ಸಮಿತಿಗೆ ಹೋಯಿತು. ಸಮಿತಿ ಇನ್ನೂರಕ್ಕೂ ಹೆಚ್ಚು ಸಲಹೆ ಕೊಟ್ಟಿತು. ಆಗಸ್ಟ್ ಎಂಟಕ್ಕೆ ಟಿವಿಯಲ್ಲಿ ಸುದ್ದಿ: ಮಸೂದೆಯನ್ನು ಸರ್ಕಾರ ವಾಪಸು ಪಡೆದಿದೆ. ಮೂರು ದಿನ ಕಳೆದು ಸೋಮವಾರ ತಿದ್ದಿದ ಹೊಸ ಮಸೂದೆ ಬಂತು, ಹೆಸರಿನಲ್ಲಿ 'ನಂಬರ್ ಎರಡು' ಎಂದು ಸೇರಿಸಿಕೊಂಡು. ಗದ್ದಲದ ನಡುವೆ ಅವತ್ತೇ ಲೋಕಸಭೆಯಲ್ಲಿ ಪಾಸು, ಮಂಗಳವಾರ ರಾಜ್ಯಸಭೆಯಿಂದಲೂ ಆಚೆ.

"ಡಿಪೋದಿಂದ ಆ ಬಸ್ಸೇ ಬರ್ಲಿಲ್ಲ ನೋಡಿ, ಬ್ಯಾರೆ ಬಸ್ಸು ಬಂತು, ಬೋರ್ಡು ಮಾತ್ರ ಅದೇಯ" ಎಂದು ಮುನಿಲಕ್ಷ್ಮಮ್ಮ ಕೈಬಾಯಿ ತಿರುಗಿಸುತ್ತಾರೆ. "ಪಾಸಾಗಿದ್ದು ನೋಡ್ಬೇಕಿತ್ತು. ಮುದ್ದೆ ಕಟ್ಟಿ ತಟ್ಟೆಗೆ ಹಾಕೋ ಅಷ್ಟೊತ್ಗೆ ಮುಗ್ದೇಹೋಯ್ತು. ಅಯ್ಯೋ ಶಿವನೇ, ಆರು ತಿಂಗಳು ಡಿಪೋದಾಗೆ, ಆರು ನಿಮಿಷ ರೋಡ್ನಾಗೆ!"

ಹನ್ನೆರಡು ಪ್ರತಿಗಳ ದಾರವನ್ನು ಬ್ಲೇಡಿನಿಂದ ಕುಯ್ದು ಎಳೆದರು, ಹಾಳೆಗಳು ಬಿಡಿಬಿಡಿಯಾದವು. ಹಿಂಬದಿ ಖಾಲಿ ಇದ್ದ ಆ ಕಾಗದ ಕಚೇರಿಗೆ ವರ್ಷಕ್ಕಾಗುವಷ್ಟು ರಫ್ ಪೇಪರ್ ಆಯಿತು. ಬಂಗಾರದ ಅಕ್ಷರ ಹೊಡೆಸಿದ್ದರೆ ಏನು ಮಾಡಬೇಕಿತ್ತು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸಂಹಿತಾ ಒಂದು ಲೋಟ ಕಾಫಿ ತಂದು ಅವರ ಪಕ್ಕದಲ್ಲಿಟ್ಟು ಹೋದಳು. ಗುಜರಿಯ ವಿಷಯ ಅವಳೂ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಮೊನ್ನೆ ಗುರುವಾರ ರಾಷ್ಟ್ರಪತಿಯವರ ಅಂಕಿತ ಬಿತ್ತು, ಗೆಜೆಟ್ ಬಂತು. ಹೊಸ ಕಾಯ್ದೆ ಜಾರಿಯಾಗುವುದು ಮುಂದಿನ ಏಪ್ರಿಲ್ ಒಂದಕ್ಕೆ. ಇವತ್ತು ಶನಿವಾರ. ಆರಿದ ಅಂಟು ಈಗ ಸ್ಟೀಲ್ ಡಬ್ಬಿಯಲ್ಲಿದೆ, ಡಬ್ಬಿ ವೈರ್ ಬುಟ್ಟಿಯಲ್ಲಿದೆ, ಬುಟ್ಟಿ ಜಯನಗರದ ಬಸ್ಸಿನಲ್ಲಿ ಮುನಿಲಕ್ಷ್ಮಮ್ಮನವರ ತೊಡೆಯ ಮೇಲಿದೆ. ಇದೇ ಕೊನೆಯ ಡಬ್ಬಿಯೋ ಏನೋ ಎಂಬ ಯೋಚನೆಯೂ ಜೊತೆಯಲ್ಲೇ ಇದೆ.

ಕಚೇರಿಯಲ್ಲಿ ಮೂರು ಪ್ರತಿ ಕಾಯುತ್ತಿವೆ. ನೆಲದ ಮೇಲೆ ಚಾಪೆ ಹಾಸಿ ಕೂರುತ್ತಾರೆ. ಮೊದಲ ಹಾಳೆಯ ಮೇಲೆ ಬೆರಳಿಟ್ಟು ಹುಡುಕುತ್ತಾರೆ. 'ಆಕ್ಟ್'. ಇದೆ. ಆಗ ಬುಟ್ಟಿಯಿಂದ ಬೆರಳಗಲದ ಖಾಲಿ ಕಾಗದದ ಪಟ್ಟಿಗಳ ಕಟ್ಟು ಹೊರಬರುತ್ತದೆ. ಇಪ್ಪತ್ತು ಹಾಳೆಗೊಂದು ಪಟ್ಟಿಯನ್ನು ಬೆನ್ನಿನ ಕಡೆ ಸೇರಿಸಿ ಹೊಲಿಯುತ್ತಾ ಹೋಗುತ್ತಾರೆ. ಮೊದಲ ಪ್ರತಿಯ ಬೆನ್ನಿಗೆ ಅಂಟು ಸವರಿ ರಟ್ಟು ಕೂರಿಸುವ ಹೊತ್ತಿಗೆ ಸಂಹಿತಾ ಬಂದು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾಳೆ.

"ಇದ್ಯಾಕೆ ಲಕ್ಷ್ಮಮ್ಮ, ಮಧ್ಯ ಮಧ್ಯ ಖಾಲಿ ಪಟ್ಟಿ? ಇದರಲ್ಲಿ ಏನೂ ಇಲ್ವಲ್ಲ."

"ಬರೋ ಚೀಟಿಗೆ ಜಾಗ, ಪುಟ್ಟಿ. ಹಳೇ ಪುಸ್ತಕಕ್ಕೆ ಹಿಂಗೆ ಬಿಟ್ಟಿರಲಿಲ್ಲ, ಅದ್ಕೇ ಊದ್ಕಂಡು ಬೆನ್ನು ಸೀಳ್ತು. ಇದನ್ನೂ ಔರು ಬದಲಾಯ್ಸೇ ಬದಲಾಯ್ಸ್ತಾರೆ. ಯಾವ ಕಾನೂನಾರ ಬರ್ದಂಗೇ ಉಳ್ದದ್ದು ನಾನು ನೋಡಿಲ್ಲ. ನಾನಿರ್ಲಿ ಬಿಡ್ಲಿ, ಅಂಟಿಸೋರಿಗೆ ಜಾಗ ಇರ್ಬೇಕಲ್ಲ?"

ಸಂಹಿತಾ ಚಾಪೆಯ ಮೇಲೆ ಉಳಿದ ಪಟ್ಟಿಗಳನ್ನು ಎತ್ತಿ ಜೋಡಿಸಿಡುತ್ತಾಳೆ. ಆಮೇಲೆ ಗೋಡೆಯ ಕಪಾಟಿನ ಕಡೆ ಕೈ ತೋರಿಸುತ್ತಾಳೆ. ಊದಿಕೊಂಡ ಹಳೆಯ ಪುಸ್ತಕಗಳು ಮೇಲಿನ ಅರೆಯಿಂದ ಕೈಗೆಟಕುವ ಅರೆಗೆ ಇಳಿದಿವೆ.

"ಅವು ಎಲ್ಲೂ ಹೋಗಲ್ಲ. ಹಳೇ ವರ್ಷದ ಕೇಸೆಲ್ಲಾ ಮುಗಿಯೋವರೆಗೂ ಹಳೇ ಕಾಯ್ದೆನೇ ಬೇಕು ನಮಗೆ. ನಾನು ಅವತ್ತು ಹಾಗೆ ಅನ್ನಬಾರದಿತ್ತು." ಮತ್ತೆ ಕೇಳುತ್ತಾಳೆ, "ಫೆಬ್ರವರಿ ಒಂದಕ್ಕೆ ಬಜೆಟ್. ಬರ್ತೀರಲ್ಲ?"

ಮುನಿಲಕ್ಷ್ಮಮ್ಮನವರ ಕಣ್ಣು ತುಂಬುತ್ತದೆ. ಕೈಯಲ್ಲಿ ಅಂಟಿದೆ, ಒರೆಸಿಕೊಳ್ಳುವಂತಿಲ್ಲ. ಭುಜಕ್ಕೆ ಕೆನ್ನೆ ಉಜ್ಜಿಕೊಂಡು, ರಟ್ಟಿನ ಬೆನ್ನನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒಂದೇ ಸಮನೆ ಒತ್ತುತ್ತಾರೆ.

"ಬರ್ತೀನಿ, ಬರ್ದೆ ಏನು. ಆದ್ರೆ ಬಜೆಟ್ ದಿನ ಪೆನ್ಸಿಲ್ ಮಾತ್ರ ತರ್ತೀನಿ ಮೇಡಂ, ಈಗಲೇ ಹೇಳಿವ್ನಿ."