ಮೊಣಕಾಲಿನ ಅಳತೆ

ಚಿತ್ರದುರ್ಗದ ನಮ್ಮ ಬಡಾವಣೆಯಲ್ಲಿ ಯಾರು ಹೊಸ ಕಾರು ಕೊಳ್ಳುವುದಿದ್ದರೂ ಅಲ್ಲೇ ಗ್ಯಾರೇಜಿಟ್ಟಿದ್ದ ಒಬ್ಬ ಮೆಕ್ಯಾನಿಕ್‌ನನ್ನು ಶೋರೂಮಿಗೆ ಕರೆದೊಯ್ಯುತ್ತಿದ್ದರು. ಬಾನೆಟ್ ಎತ್ತಿಸುವ ಮೊದಲು ಆತ ಹಿಂದಿನ ಬಾಗಿಲು ತೆಗೆದು, ಕಾರಿನ ನೆಲ ತನ್ನ ಮೊಣಕಾಲಿಗಿಂತ ಎಷ್ಟು ಮೇಲಿದೆಯೆಂದು ನೋಡುತ್ತಿದ್ದ. “ಹತ್ತೋರ್ನ ಮೊದ್ಲು ಕೇಳ್ರಿ, ಓಡ್ಸೋರ್ನ ಆಮೇಲೆ” ಎನ್ನುತ್ತಿದ್ದ. ಆತನ ಹೆಂಡತಿಗೆ ಮಂಡಿನೋವೆಂದು ಗೊತ್ತಿದ್ದೂ ನಾವು ನಗುತ್ತಿದ್ದೆವು.

ನಾನು ಮೆಚ್ಚಿದ ದೊಡ್ಡ ಎಸ್‌ಯುವಿ ನೋಡಿ, “ಇದು ಎತ್ತರ ಆಯ್ತು ಸಾರ್” ಎಂದ. ಎತ್ತರಕ್ಕೆಂದೇ ನಾನದನ್ನು ಕೊಂಡೆ.

ಮರುವರ್ಷ ಆತನ ಹೆಂಡತಿಗೆ ಕಾಯಿಲೆ ಜೋರಾಯಿತು. ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ಯಲು ಅದೇ ಕಾರನ್ನು ಅವರ ಮನೆ ಮುಂದೆ ನಿಲ್ಲಿಸಿದೆ. ಆಕೆಗೆ ಅಷ್ಟೆತ್ತರ ಕಾಲೆತ್ತಲಾಗಲಿಲ್ಲ. ಆತ ನನ್ನ ಕಡೆ ನೋಡದೆ ರಸ್ತೆಯ ಮೇಲೇ ಒಂದು ಮಂಡಿಯೂರಿ, ಇನ್ನೊಂದು ತೊಡೆಯನ್ನು ಮೆಟ್ಟಿಲು ಮಾಡಿಕೊಟ್ಟ.

“ನಿಮ್ಮನ್ನ ಹೆಂಗ್ ತುಳೀಲಿ?” ಎನ್ನುತ್ತಾ ಆಕೆ ಚಪ್ಪಲಿ ಕಳಚಿದಳು.

“ಹತ್ತು” ಎಂದ.

ಆಕೆ ಬದುಕಿ ಬರಲಿಲ್ಲ.

ಈಚೆಗೆ ಪಕ್ಕದ ಮನೆಯವರು ಕಾರು ಆರಿಸಲು ಆತನನ್ನು ಕರೆದೊಯ್ದಾಗ ನಾನೂ ಹೋಗಿದ್ದೆ. ಆತ ಇಂಜಿನ್ ನೋಡಿದ, ಟೈರು ನೋಡಿದ. ಹಿಂದಿನ ಬಾಗಿಲ ಹತ್ತಿರ ಸುಳಿಯಲೇ ಇಲ್ಲ.

“ಎತ್ತರ ಸರಿ ಐತಾ?” ಎಂದು ನಾನೇ ಕೇಳಿದೆ.

“ಹೆಂಗ್ ಬೇಕೋ ಹಂಗ್ ತಗಳ್ರಿ ಸಾರ್” ಎಂದ.