ಕೊರಿಯಾದ ಗಂಡನ ಹೆಸರು

ಕೊರಿಯಾದ ಒಂದು ಒಳ್ಳೆಯ ಧಾರಾವಾಹಿಯನ್ನು ಕನ್ನಡದಲ್ಲಿ ಕೆಡಿಸಿಟ್ಟ ಕೀರ್ತಿ ನಮ್ಮ ಯಸಳೂರಿಗೆ ಸಲ್ಲಬೇಕು. ಕೆಡಿಸಿದವಳು ನಾನು, ಜಗದಾಂಬ. ಐವತ್ತು ದಾಟಿದೆ, ಮನೆಗೆ ಚೂರುಪಾರು ಕಾಫಿ ತೋಟವಿದೆ, ಸಕಲೇಶಪುರಕ್ಕೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮಾಡಿದ್ದೇನೆ. ಇಂಗ್ಲಿಷ್ ಪೇಪರ್ ಹೇಗೆ ಪಾಸಾಯಿತೆಂದು ಮಾತ್ರ ಕೇಳಬೇಡಿ. ಕೊರಿಯನ್ ಅಂತೂ ದೇವರಾಣೆಗೂ ಬರುವುದಿಲ್ಲ.

ದೇಶದೇಶದ ಧಾರಾವಾಹಿ ತೋರಿಸುವ ಒಂದು ಆಪ್ ಇದೆ. ಅದರಲ್ಲಿ ಸಬ್‌ಟೈಟಲ್ ಬರೆಯುವವರು ಸಂಬಳದವರಲ್ಲ, ನೋಡುವ ಜನರೇ. ಇಂಗ್ಲಿಷ್ ಸಾಲು ಮುಂದಿರುತ್ತದೆ, ಅದರ ಕೆಳಗೆ ನಮ್ಮ ನಮ್ಮ ಭಾಷೆಯ ಸಾಲು ತುಂಬಬೇಕು. ಕನ್ನಡ ಸೇವೆಗಾಗಿ ಸೇರಿದೆನೆಂದು ಊರ ತುಂಬ ಹೇಳಿಕೊಂಡು ತಿರುಗಿದ್ದೇನೆ. ಅದೆಲ್ಲ ಬುರುಡೆ. ನಮ್ಮ ಅತ್ತೆ ಮಾದೇವಮ್ಮನವರಿಗೆ ಕಿವಿ ಪೂರ್ತಿ ಹೋಗಿತ್ತು. ಮಷೀನು ಹಾಕಿಸಿದರೆ “ತಲೆಯೊಳ್ಗೆ ಕಾಫಿಹಣ್ಣು ಸಿಪ್ಪೆ ಬಿಡ್ಸೋ ಪಲ್ಪರ್ ಓಡ್ದಂಗಾಯ್ತದೆ” ಎಂದು ಕಿತ್ತಿಟ್ಟರು. ಮನೆಯವರೆಲ್ಲ ನಗುವಾಗ ಅವರೊಬ್ಬರೇ ಮುಖ ಮುಖ ನೋಡುತ್ತ ಕೂರುವುದು ನನಗೆ ಸಹಿಸಲಾಗುತ್ತಿರಲಿಲ್ಲ. ಓದಲು ಮಾತ್ರ ಗಟ್ಟಿಗಿತ್ತಿ. ಪೇಪರನ್ನು ಟೆಂಡರ್ ಜಾಹೀರಾತಿನ ಸಮೇತ ಮುಗಿಸುವ ಹೆಂಗಸು. ಹಾಗಾಗಿ ನಾನು ಬರೆಯುವುದು, ಅವರು ಟೀವಿಯಲ್ಲಿ ಓದುತ್ತ ನೋಡುವುದು. ಮಧ್ಯಾಹ್ನ ಊಟವಾದರೆ ಅತ್ತೆ ಸೊಸೆ ಇಬ್ಬರೂ ಕೊರಿಯಾದಲ್ಲೇ.

ಎಡವಟ್ಟಾದದ್ದು ಗಂಡಂದಿರ ವಿಷಯದಲ್ಲಿ. ಆ ಧಾರಾವಾಹಿಯ ಸೊರಾ ಎಂಬ ಹೆಂಗಸು ಬಾಯಿ ತೆಗೆದರೆ ಗಂಡನನ್ನು “ಮಿನ್‌ಜೇ, ಮಿನ್‌ಜೇ” ಎನ್ನುತ್ತಾಳೆ. ಬ್ಯಾಂಕಿನಲ್ಲಿ ಯಜಮಾನರ ಹೆಸರೇನೆಂದರೆ ಆಧಾರ್ ಕಾರ್ಡ್ ಮುಂದೆ ಹಿಡಿಯುವ ನನ್ನ ಕೈಗೆ ಇದು ಸಿಕ್ಕಿತು. ಬೆರಳೇ ಏಳಲಿಲ್ಲ. ಎದುರಿಗೆ ಕರೆದರೆ “ರೀ” ಎಂದು ಹಾಕಿದೆ, ಬೇರೆಯವರ ಹತ್ತಿರ ಹೇಳಿದರೆ “ನಮ್ಮನೆಯವರು” ಎಂದು ಹಾಕಿದೆ. ಎಷ್ಟು ಮರ್ಯಾದಸ್ಥ ಕೊರಿಯಾ ಆಯಿತೆಂದು ಬೀಗಿದ್ದೂ ಬೀಗಿದ್ದೇ.

ಆದರೆ ಆ ಮನೆಯಲ್ಲಿ ವಾರಗಿತ್ತಿಯರು ಮೂವರು. ಒಂದು ದಿನ ಒಬ್ಬ ಗಂಡನಿಗೆ ಲಾರಿ ಗುದ್ದಿತು. ಮೂವರೂ ಅವನ ಹೆಸರು ಕೂಗಿ ಅತ್ತರು; ನನ್ನ ಸಾಲಿನಲ್ಲಿ ಮೂವರದೂ “ಅಯ್ಯೋ, ನಮ್ಮನೆಯವರು!” ಎಂದಾಯಿತು. ಆಸ್ಪತ್ರೆ ಸೇರಿದವನು ಯಾರೆಂದು ಕರ್ನಾಟಕದಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಧಾರವಾಡದ ಕಡೆಯ ಒಬ್ಬರು ಆ ಮನೆಯ ಕೊನೆಯ ತಮ್ಮನಿಗೆ ಕಮೆಂಟಿನಲ್ಲಿ ಶ್ರದ್ಧಾಂಜಲಿಯನ್ನೂ ಬರೆದರು. ಮಾರನೆಯ ಕಂತಿನಲ್ಲಿ ಅವನು ಕೂತು ನೂಡಲ್ಸ್ ತಿನ್ನುತ್ತಿದ್ದ.

ಕನ್ನಡ ತಂಡ ನೋಡಿಕೊಳ್ಳುವ ಚಂದ್ರಿಕಾ ಎಂಬ ಹುಡುಗಿ ಫೋನು ಮಾಡಿದಳು. “ಆಂಟಿ, ಕೊನೇ ಕಂತಿಗಾದ್ರೂ ಹೆಸರು ಹಾಕಿ. ಇಲ್ಲಾಂದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ. ಅವರು ಯಾವಾಗ ಮಾಡ್ತಾರೋ ಗೊತ್ತಿಲ್ಲ.”

“ನೀನು ನಿನ್ನ ಗಂಡನ್ನ ಹೆಸರಿಡಿದು ಕರೀತೀಯೇನಮ್ಮ?”

“ಹೌದು ಆಂಟಿ. ಬೈಯುವಾಗ ಇನಿಷಿಯಲ್ ಸಮೇತ.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. “ಯಾರಿಗಾದ್ರೂ ಕೊಟ್ಕೋ ಹೋಗು” ಎಂದು ಫೋನಿಟ್ಟೆ. ಇಟ್ಟ ಮೇಲೆ ಅತ್ತೆಯ ನೆನಪಾಯಿತು. ಕೊನೆಯ ಕಂತು ಯಾವಾಗ ಬರುತ್ತದೆಂದು ಅತ್ತೆ ದಿನಾ ಕೇಳುತ್ತಿದ್ದರು. ಅದು ಬೇರೆಯವರ ಕೈಗೆ ಹೋದರೆ ಅವರು ಮತ್ತೆ ಗೋಡೆ ನೋಡಿಕೊಂಡು ಕೂರಬೇಕಿತ್ತು. ಆದರೂ ನನ್ನ ಹಟ ನನಗೆ. ಅತ್ತೆಗೆ ಅರ್ಥವಾದರೆ ಸಾಕು, ಗೆದ್ದೆ ಎಂದುಕೊಂಡು ಕೊನೆಯ ಕಂತಿಗೆ ನಾನು ಬರೆದಿದ್ದನ್ನು ಅವರಿಗೇ ಹಾಕಿ ತೋರಿಸಿದೆ.

ಲಾರಿ ಗುದ್ದಿದ ಮೇಲೆ ಮಿನ್‌ಜೇಗೆ ಹಳೆಯದೆಲ್ಲ ಮರೆತಿದೆ. ರೈಲ್ವೆ ಸ್ಟೇಷನ್ನಿನ ಜನಜಂಗುಳಿಯಲ್ಲಿ ತನ್ನಷ್ಟಕ್ಕೆ ಹೋಗುತ್ತಿದ್ದಾನೆ. ಸೊರಾ ಹಿಂದೆ ಓಡಿ ಬಂದು ಕೂಗುತ್ತಾಳೆ. ಕೆಳಗೆ ನನ್ನ ಸಾಲು: “ರೀ!” ಅವನು ತಿರುಗಿ ನೋಡಿದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾನೇ ಬರೆದದ್ದಕ್ಕೆ ನಾನೇ ಅಳುವುದೂ ಉಂಟು.

ಅತ್ತೆ ಅಳಲಿಲ್ಲ. “ಹಿಂದಕ್ಕಾಕು” ಅಂದರು. ಹಾಕಿದೆ. “ಏನಂದ್ಲು ಅವ್ಳು?”

ನಾನು ಟೀವಿಯ ಅಕ್ಷರ ತೋರಿಸಿದೆ.

“ಸುಳ್ಳು. ತುಟಿ ಕೂಡ್ಸಿ ಬಾಯಿ ತೆಗೆದ್ಲು. ರೀ ಅನ್ನಕ್ಕೆ ತುಟಿ ಕೂಡಿಸ್ತಾರೇನೆ? ಕಿವಿ ಇಲ್ಲ ಅಂತ ನಂಗೇ ಮುಚ್ಚಿಡ್ತೀಯಾ?”

ಕೆನ್ನೆಗೆ ಹೊಡೆದಂತಾಯಿತು. ಯಾರಿಗಾಗಿ ಬರೆಯಲು ಕೂತೆನೋ ಅವರಿಗೇ ವಂಚನೆ ಮಾಡಿದ್ದೆ. ‘ಅವಳು ಕೂಗಿದ್ದು ಗಂಡನ ಹೆಸರು, ಅತ್ತೆ’ ಎಂದು ಫೋನಿನಲ್ಲಿ ಬರೆದು ತೋರಿಸಿದೆ.

ಅವರು ಓದಿದರು. “ಅದಕ್ಕೇ ತಿರುಗ್ದ ನೋಡು” ಅಂದರು. ಆಮೇಲೆ ಹೇಳಿದರು: “ನಿಮ್ಮಾವನ್ನ ಕೊನೆಗಾಲ್ದಲ್ಲಿ ಆಸ್ಪತ್ರೇಲಿ ಮಲಗ್ಸಿದ್ವಲ್ಲ. ಹೆಸರಿಡಿದು ಕೂಗಮ್ಮ, ಕಣ್ಣು ಬಿಡ್ತಾರೇನೋ ಅಂತ ನರ್ಸು ಅಂದ್ಲು. ನಂಗೆ ಬಾಯಿ ಬರ್ನಿಲ್ಲ. ರೀ, ರೀ ಅಂದೆ. ಆ ವಾರ್ಡಲ್ಲಿ ಎಲ್ಲಾ ಹೆಂಗಸ್ರೂ ರೀ ಅಂತಿದ್ರು ಕಣೆ. ಇವ್ಳು ನನ್ನೇ ಕರೀತಾವ್ಳೆ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?”

ನಾನು ಫೋನಿನಲ್ಲಿ ಆ ಸಾಲು ತೆರೆದು ಅತ್ತೆಯ ಮುಂದೆ ಹಿಡಿದೆ.

“ಹೆಸರು ಬರಿ” ಅಂದರು.

“ರೀ” ಅಳಿಸಿ “ಮಿನ್‌ಜೇ” ಎಂದು ಬರೆದೆ. ಚಂದ್ರಿಕಾಗೆ ಕಳಿಸಿ, ಅದೇ ದೃಶ್ಯ ಮತ್ತೆ ಹಾಕಿದೆ. ಅತ್ತೆ ಗಟ್ಟಿಯಾಗಿ “ಮಿನ್‌ಜೇ” ಎಂದು ಓದಿದರು. ಅವನು ತಿರುಗಿದ. ಅತ್ತೆ ಅವನನ್ನೇ ನೋಡುತ್ತ, ತಮ್ಮ ದನಿ ಎಷ್ಟು ಜೋರೆಂದು ತಮಗೇ ತಿಳಿಯದೆ, ಕೂಗಿದರು:

“ವೀರಭದ್ರಯ್ಯಾ!”

ಅಂಗಳದಲ್ಲಿ ಒಣಹಾಕಿದ ಕಾಫಿ ಕೆದಕುತ್ತಿದ್ದ ನಮ್ಮನೆಯವರು ಓಡಿ ಬಂದು ಬಾಗಿಲಲ್ಲಿ ನಿಂತರು. “ಯಾರೇ ಅದು, ಅಪ್ಪನ್ನ ಕರ್ದಿದ್ದು?”

“ನಿಮ್ಮವ್ವ” ಅಂದೆ.

ಅವರು ಕಾಲು ಕೂಡ ತೊಳೆಯದೆ ಒಳಗೆ ಬಂದು ಅತ್ತೆಯ ಪಕ್ಕ ಕೂತರು.