ಕೆಲ್ವಾ ಚಂದ್ರನಿಗೆ ಬೇಗೂರಿನಿಂದ ಹೋದ ಕಾರಣಗಳು

ಬೆಳಗಿನ ಮಂಜು ಇನ್ನೂ ಚೆಂಡುಹೂವಿನ ತೋಟ ಬಿಟ್ಟು ಎದ್ದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರು ಹೂ ಬಿಡಿಸುತ್ತಿದ್ದಾರೆ. ಸಾಲಿನ ತುದಿಯಲ್ಲಿ, ಹನಿ ನೀರಾವರಿ ಪೈಪಿನ ಪಕ್ಕದಲ್ಲಿ ಗುರುಮಲ್ಲಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಅವರಿಗೆ ಹೂವಿನ ಕಡೆ ಗಮನವಿಲ್ಲ. ನೀರು ತೊಟ್ಟಿಕ್ಕುವ ತೂತಿನ ಸುತ್ತ ಕಟ್ಟಿಕೊಂಡ ಬೆಳ್ಳನೆಯ ಪೊರೆಯನ್ನು ಉಗುರಿನಿಂದ ಕೆರೆದು, ಬೆಳಕಿಗೆ ಹಿಡಿದು ನೋಡಿ, ನಾಲಿಗೆ ತುದಿಗೆ ತಾಗಿಸಿ ಉಗುಳುತ್ತಾರೆ.

"ಉಪ್ಪು," ಎನ್ನುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಆ ಒಂದು ಪದ ಕೇಳಿಸಿಕೊಳ್ಳಲು ಬಗ್ಗಬೇಕಾಗುತ್ತದೆ. ಅವರ ದನಿ ಪಿಸುಮಾತಿಗಿಂತ ಕೂದಲೆಳೆಯಷ್ಟು ಮೇಲಿದೆ. "ನೀರು ಆವಿಯಾಗಿ ಹೋಗುತ್ತೆ, ಉಪ್ಪು ಉಳ್ಕೊಳ್ಳುತ್ತೆ. ನಾನು ಕೆರೆದುಬುಟ್ರೂ ನಾಳಿದ್ದಿಗೆ ಮತ್ತೆ ಕಟ್ಟಿರುತ್ತೆ. ಹಂಗಾದ್ರೆ ಗಣಿ ಯಾಕೆ ತುಂಬ್ಕೋಬಾರ್ದು?"

ಪಕ್ಕದ ಸಾಲಿನಿಂದ ಅವರ ಗಂಡ ನಂಜುಂಡಪ್ಪ ತಲೆಯೆತ್ತಿ ನಗುತ್ತಾರೆ. "ಅವ್ಳ ಮಾತಾಡುಸ್ಬ್ಯಾಡಿ ಬುಡಿ ಸಾ. ಚಂದ್ರನ ಮ್ಯಾಕೋಗವ್ಳೆ. ಈಗ ಕೂಗುದ್ರೂ ಬರಾಕಿಲ್ಲ."

ನಂಜುಂಡಪ್ಪ ತಮಾಷೆಗೆ ಹೇಳಿದರೂ ಮಾತು ಸುಳ್ಳಲ್ಲ. ಈ ಹೊತ್ತಿನಲ್ಲಿ ಅವರ ಹೆಂಡತಿ ಕೆಲಸದ ಮೇಲಿದ್ದಾರೆ. ಆ ಕೆಲಸ ನಡೆಯುವ ಜಾಗ ಕೆಲ್ವಾ ಎಂಬ ಹಿಮದ ಚಂದ್ರ. ಅಂಥದ್ದೊಂದು ಚಂದ್ರ ಆಕಾಶದಲ್ಲಿ ಎಲ್ಲೂ ಇಲ್ಲ. ಇರುವುದು ಮೈಸೂರಿನ ಸಣ್ಣ ಸ್ಟುಡಿಯೋ ಒಂದು ಕಟ್ಟಿದ ಕಂಪ್ಯೂಟರ್ ಗೇಮಿನಲ್ಲಿ. ಆಡುವವರು ಅಲ್ಲಿ ಊರು ಕಟ್ಟಬೇಕು, ಉಪ್ಪಿನ ಗಣಿ ತೋಡಬೇಕು, ಯಂತ್ರದ ಸಿಪಾಯಿಗಳನ್ನು ಸಾಕಬೇಕು, ಎದುರಾಳಿಯ ಗೋಪುರ ಕೆಡವಬೇಕು. ಇಂಥ ಆಟಕ್ಕೆ ನೂರೆಂಟು ನಿಯಮಗಳು. ಆಟ ಬೇಗ ಮುಗಿಯಬಾರದು, ಎಳೆದೂ ಎಳೆದೂ ಬೇಸರವಾಗಬಾರದು, ಅದಕ್ಕಾಗಿಯೇ ಮಾಡಿದ ನಿಯಮಗಳು ಅವು. ಆದರೆ ಆಡುವವರು ಸುಮ್ಮನಿರುವುದಿಲ್ಲ. ಅಗೆದು ಬರಿದಾದ ಗಣಿ ಮತ್ತೆ ಹೇಗೆ ತುಂಬಿತು ಎಂದು ಕೇಳುತ್ತಾರೆ. ಆಟ ಕಟ್ಟಿದವರ ಬಳಿ ಉತ್ತರವಿರುವುದಿಲ್ಲ. ಆ ಉತ್ತರ ಹುಟ್ಟುವುದು ಬೇಗೂರಿನಲ್ಲಿ.

ಗಣಿಯ ಪ್ರಶ್ನೆ ಆಟದ ಎರಡನೇ ಭಾಗಕ್ಕೆ ಬಂದದ್ದು. ಮಧ್ಯಾಹ್ನದ ಹೊತ್ತಿಗೆ ಗುರುಮಲ್ಲಮ್ಮ ಉತ್ತರ ಬರೆದು ಮುಗಿಸಿದ್ದಾರೆ. ಕೆಲ್ವಾ ಒಂದು ದೈತ್ಯ ಗ್ರಹವನ್ನು ಸುತ್ತುತ್ತದೆ. ಆ ಗ್ರಹದ ಸೆಳೆತಕ್ಕೆ ಚಂದ್ರನ ಮೈ ಹಿಗ್ಗಿ ಕುಗ್ಗಿ ಹಿಮದಲ್ಲಿ ಬಿರುಕು ಬಿಡುತ್ತದೆ. ಆಳದ ಉಪ್ಪುನೀರು ಬಿರುಕಿನಿಂದ ಜಿನುಗಿ ಮೇಲೆ ಬರುತ್ತದೆ, ನೀರು ಹಾರಿಹೋಗುತ್ತದೆ, ಉಪ್ಪು ನಿಲ್ಲುತ್ತದೆ. ಆಟದಲ್ಲಿ ಗಣಿಯನ್ನು ಮುಟ್ಟಿದರೆ ಇದು ಮೂರು ಸಾಲಾಗಿ ತೆರೆದುಕೊಳ್ಳುತ್ತದೆ. ಅದಕ್ಕಿಂತ ಉದ್ದ ಬರೆದರೆ ಯಾರೂ ಓದುವುದಿಲ್ಲವಂತೆ. ಓದಿ ನಾನು ತಲೆಯೆತ್ತುವಷ್ಟರಲ್ಲಿ ಅವರು ರಾಗಿ ಮುದ್ದೆಗೆ ಎಸರಿಟ್ಟಿದ್ದಾರೆ.

ಗುರುಮಲ್ಲಮ್ಮ ಹುಟ್ಟಿ ಬೆಳೆದದ್ದು ಚಾಮರಾಜನಗರದ ಹತ್ತಿರದ ಹರದನಹಳ್ಳಿಯಲ್ಲಿ. ಅಪ್ಪ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದವರು. ಸುಟ್ಟ ಮೋಟಾರು ಬಿಚ್ಚುವ ಮೊದಲು ಮಗಳನ್ನು ಕೂಗಿ, ಇದು ಯಾಕೆ ಸುಟ್ಟಿತು ಹೇಳು ನೋಡೋಣ ಎನ್ನುತ್ತಿದ್ದರಂತೆ. "ತಪ್ಪು ಹೇಳಿದ್ರೆ ಬೈತಿರ್ಲಿಲ್ಲ. ಹಂಗಾದ್ರೆ ಈ ವೈರು ಯಾಕೆ ಕಪ್ಪಾಗಿಲ್ಲ ಅಂತ ಇನ್ನೊಂದು ಕೇಳೋರು. ಅಷ್ಟೇ. ನನ್ನ ಸುಳ್ಳು ಅಲ್ಲಿಗೆ ಬಿದ್ದೋಗೋದು." ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಮದುವೆಯಾಗಿ ಬೇಗೂರಿಗೆ ಬಂದು, ಗುಂಡ್ಲುಪೇಟೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ ಆದರು. ಹೆದ್ದಾರಿಯ ಬಸ್ಸಿನಲ್ಲಿ ಹೋಗಿಬರುವ, ಕೊನೆಯ ಬೆಂಚಿಗೂ ಕೇಳುವ ಗಂಟಲಿನ ಮೇಡಂ.

ಆ ಗಂಟಲು ಒಂದು ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟಿತು, ದನಿ ಬರಲಿಲ್ಲ. ಧ್ವನಿತಂತುಗಳ ಪೈಕಿ ಒಂದಕ್ಕೆ ಹೋಗುವ ನರಕ್ಕೆ ವೈರಾಣು ತಗುಲಿದೆ ಎಂದರು ವೈದ್ಯರು. ಶಾಲೆಯವರು ಕೈಬಿಡಲಿಲ್ಲ, ಕಚೇರಿಯಲ್ಲಿ ಕೂರಿಸಿ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಕೊಟ್ಟರು. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ತಮ್ಮ ಪಾಠ ಮಾಡುವುದನ್ನು ಕೇಳುತ್ತ ಕೂರಲಾಗದೆ ಗುರುಮಲ್ಲಮ್ಮನೇ ಬಿಟ್ಟು ಬಂದರು.

"ಮನೇಲಿ ಕೂತ್ಕಂಡು ಗ್ವಾಡೆ ನೋಡೋಳು," ಎನ್ನುತ್ತಾರೆ ನಂಜುಂಡಪ್ಪ. "ನಾನು ಹೊಲ್ದಾಗಿದ್ರೆ ಕರಿಯಾಕಾಗ್ದು. ಫೋನ್ ಮಾಡುದ್ರೆ ಬರೀ ಉಸ್ರು ಕೇಳ್ಸೋದು. ಅದ್ಕೇ ಕೈ ತಟ್ಟು ಅಂದೆ. ಒಂದ್ಸಲ ತಟ್ಟುದ್ರೆ ಊಟ, ಎಲ್ಡ್ ಸಲ ತಟ್ಟುದ್ರೆ ಯಾರೋ ಬಂದವ್ರೆ ಅಂತ. ಒಂದಿನ ಎಲ್ಡ್ ಸಲ ತಟ್ಟುದ್ಲು. ಬಂದು ನೋಡುದ್ರೆ ಆ ಬೃಂದಾ ಬಂದಿತ್ತು."

ಬೃಂದಾ ಗುರುಮಲ್ಲಮ್ಮನ ಹಳೆಯ ವಿದ್ಯಾರ್ಥಿನಿ. ಮೈಸೂರಿನ ಆ ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಾರೆ. ಮೇಡಂಗೆ ಹುಷಾರಿಲ್ಲವೆಂದು ನೋಡಲು ಬಂದವರು, ಹೊತ್ತು ಹೋಗಲೆಂದು ಲ್ಯಾಪ್‌ಟಾಪಿನಲ್ಲಿ ತಮ್ಮ ಆಟ ತೋರಿಸಿದರು. ಒಂದು ಊರಿನಲ್ಲಿ ಅರವತ್ತಕ್ಕಿಂತ ಹೆಚ್ಚು ಸಿಪಾಯಿಗಳನ್ನು ಇಡಲು ಬಿಡುವುದಿಲ್ಲ ಎಂದೂ, ಯಾಕೆಂದು ಪರೀಕ್ಷೆಗೆ ಆಡಿದವರೆಲ್ಲ ಕೇಳುತ್ತಾರೆ ಎಂದೂ ಹೇಳಿದರು. ಮೇಡಂ ಪರದೆಗೆ ಬಗ್ಗಿ ನೋಡಿದರು. ಆಮೇಲೆ ಹತ್ತಿರ ಕರೆದು ಕಿವಿಯಲ್ಲಿ ಕೇಳಿದರು: "ಆ ಊರು ಯಾವುದರ ಮೇಲೆ ನಿಂತಿದೆ ಕಣಮ್ಮಿ?"

"ಐಸ್ ಮೇಲೆ ಮೇಡಂ."

"ಯಂತ್ರ ಓಡಿದ್ರೆ ಬಿಸಿಯಾಗಲ್ವಾ?"

ಬೃಂದಾ ಆ ಗಳಿಗೆಯನ್ನು ಇವತ್ತಿಗೂ ಮರೆತಿಲ್ಲ. "ಹತ್ತನೇ ಕ್ಲಾಸಲ್ಲಿ ಮೇಡಂ ಹಿಂಗೇ ಕೇಳೋರು ಸರ್. ಉತ್ತರ ನಮ್ಮ ಬಾಯಿಂದಲೇ ಬರಬೇಕು. ಅರವತ್ತು ದಾಟಿದ್ರೆ ಅವುಗಳ ಶಾಖಕ್ಕೆ ಊರಿನ ಕೆಳಗಿನ ಹಿಮ ಕರಗುತ್ತೆ, ಊರೇ ಮುಳುಗುತ್ತೆ! ಅವತ್ತೇ ವಾಪಸ್ ಹೋಗಿ ಬಿರುಕು ಬರೆದೆ. ಸಿಪಾಯಿಗಳು ಜಾಸ್ತಿ ಆದಂಗೆ ನೆಲದಲ್ಲಿ ಬಿರುಕು ಕಾಣಿಸ್ಕೊಳ್ಳುತ್ತೆ. ಆಮೇಲೆ ಯಾರೂ ಯಾಕೆ ಅಂತ ಕೇಳಲಿಲ್ಲ. ಹೆದರಿಕೊಂಡ್ರು."

ಹೀಗೆ ಶುರುವಾಯಿತು. ಸ್ಟುಡಿಯೋ ನಡೆಸುವ ಸುಧಾಕರ್ ಸಂಬಳ ಗೊತ್ತುಮಾಡಿ ಪ್ರಶ್ನೆಗಳನ್ನು ಕಳಿಸತೊಡಗಿದರು. ದಿನಕ್ಕೆ ಮೂರೋ ನಾಲ್ಕೋ ಬರುತ್ತವೆ, ಒಂದಕ್ಕೆ ಉತ್ತರ ಸಿಕ್ಕರೆ ಒಳ್ಳೆಯ ದಿನ. ಸಿಪಾಯಿ ಮುಂದೆ ಹೋದ ಕೂಡಲೇ ಅವನ ಹಿಂದಿನ ದಾರಿ ನಕ್ಷೆಯಲ್ಲಿ ಮರೆಯಾಗುವುದೇಕೆ ಎಂಬ ಪ್ರಶ್ನೆಗೆ ದಂಪತಿ ಗೋಪಾಲಸ್ವಾಮಿ ಬೆಟ್ಟದ ಬಸ್ಸು ಹತ್ತಿದರು. ಮಂಜಿನಲ್ಲಿ ಗಂಡನನ್ನು ಮುಂದೆ ನಡೆಸಿ, ಅವರು ಕಾಣದಾಗುವುದನ್ನು ನೋಡುತ್ತ ಇವರು ಹಿಂದೆ ನಿಂತರು. ಕೆಲ್ವಾದ ಬಿರುಕುಗಳಿಂದ ಏಳುವ ಮಂಜು ಸಿಪಾಯಿಯ ಬೆನ್ನ ಹಿಂದೆ ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬ ಉತ್ತರದೊಂದಿಗೆ ಇಳಿದರು. ಅಂಥ ಉತ್ತರಗಳು ಒಂದಕ್ಕೊಂದು ಹೊಂದಿಕೊಳ್ಳಬೇಕೆಂಬುದೇ ಈ ಕೆಲಸದ ನಿಜವಾದ ಕಷ್ಟ. ಇವತ್ತು ಹೇಳಿದ ಕಾರಣ ಹೋದ ತಿಂಗಳ ಕಾರಣವನ್ನು ಸುಳ್ಳು ಮಾಡಬಾರದು.

ಆಟದ ಮೊದಲ ಭಾಗದ ಒಂದು ನಿಯಮ ಮಾತ್ರ ಎಲ್ಲರನ್ನೂ ಸೋಲಿಸಿತು. ಗೋಪುರ ಬಿದ್ದರೆ ಆ ಪಕ್ಷದ ಸಿಪಾಯಿಗಳೆಲ್ಲ ಇದ್ದಲ್ಲೇ ಕಲ್ಲಾಗಿ ನಿಲ್ಲಬೇಕು. ಒಂಟಿ ಚಕ್ರದ ಮೇಲೆ ಉರುಳುವ ಬೇಹುಗಾರ ಯಂತ್ರಗಳು ಮಾತ್ರ ಓಡಾಡಿಕೊಂಡಿರುತ್ತಿದ್ದವು. ಪರೀಕ್ಷೆಗೆ ಆಡಿದವರು ಇದನ್ನು ಮೋಸ ಎಂದರು, ಅರ್ಧದಲ್ಲೇ ಎದ್ದುಹೋದರು. ನಿಯಮ ತೆಗೆದರೆ ಆಟ ಮುಗಿಯುವುದೇ ಇಲ್ಲ. ಬಿಡುಗಡೆ ಮುಂದಕ್ಕೆ ಹೋಯಿತು. ಇದೊಂದು ಆಟವನ್ನೇ ನಂಬಿಕೊಂಡಿದ್ದ ಸ್ಟುಡಿಯೋ ಅದು.

ಗೋಪುರದಿಂದ ಕರೆಂಟು ನಿಂತಿತು ಎನ್ನೋಣವೆಂದರೆ, ಸಿಪಾಯಿಗಳಿಗೆ ಸ್ವಂತ ಬ್ಯಾಟರಿ ಇದೆಯೆಂದು ಇವರೇ ಬರೆದಾಗಿತ್ತು. ರೇಡಿಯೋ ನಿಂತಿತು ಎನ್ನೋಣವೆಂದರೆ, ರೇಡಿಯೋ ತಲುಪದ ಬೆಟ್ಟದ ಹಿಂದೆಯೂ ಅವು ನಡೆಯುತ್ತಿದ್ದವು. ಬರೆದದ್ದನ್ನೆಲ್ಲ ಅಳಿಸಿದರು. "ಅಪ್ಪನ ಆ ಇನ್ನೊಂದು ಪ್ರಶ್ನೆ ಬಂದು ಬಂದು ನಿಲ್ಲೋದು," ಎನ್ನುತ್ತಾರೆ.

ಆ ದಿನಗಳಲ್ಲೇ ಗಂಟಲಿನ ತಪಾಸಣೆಗೆ ಮೈಸೂರಿಗೆ ಹೋದರು. ವೈದ್ಯರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಅವರದೇ ಗಂಟಲನ್ನು ಪರದೆಯ ಮೇಲೆ ತೋರಿಸಿದರು. ಬಾಗಿಲಿನ ಎರಡು ರೆಕ್ಕೆಗಳಂತೆ ಎರಡು ತಂತುಗಳು. ಒಂದು ತೆರೆದು ಮುಚ್ಚುತ್ತಿದೆ, ಇನ್ನೊಂದು ನಿಂತಿದೆ.

"ಸತ್ತೋಗಿದ್ಯಾ ಅಂತ ಕೇಳ್ದೆ. ಇಲ್ಲಮ್ಮ, ಸ್ನಾಯು ಬದುಕಿದೆ, ಅದಕ್ಕೆ ಮಾತು ಮುಟ್ತಾ ಇಲ್ಲ ಅಷ್ಟೇ ಅಂದ್ರು. ಅಯ್ಯೋ, ನನ್ನ ಸಿಪಾಯಿ ಇವನೇ ಅಂದ್ಕಂಡೆ. ನಗು ಬಂದ್ಬುಡ್ತು. ಮೂಗಲ್ಲಿ ಪೈಪಿದೆ, ನಗ್ತಾ ಇದೀನಿ. ಡಾಕ್ಟ್ರು ಗಾಬರಿ ಆಗ್ಬುಟ್ರು." ಸರಿಯಿರುವ ತಂತುವಿಗೆ ಅಭ್ಯಾಸ ಕೊಟ್ಟರೆ, ಅದು ವಾಲಿಕೊಂಡು ಬಂದು ನಿಂತ ತಂತುವನ್ನು ಮುಟ್ಟುತ್ತದೆ, ಆಗ ಸ್ವಲ್ಪ ದನಿ ಹುಟ್ಟುತ್ತದೆ ಎಂದೂ ವೈದ್ಯರು ಹೇಳಿದರು.

ಸಿಪಾಯಿಗೆ ಏನು ಮುಟ್ಟುತ್ತಿಲ್ಲ ಎಂಬುದಕ್ಕೆ ಉತ್ತರ ಬೇಗೂರಿನಲ್ಲಿ ಸಿಕ್ಕಿತು. ಪಕ್ಕದ ಹೊಲದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಮನೆ ಮುಂದಿನ ಹಟ್ಟಿಯಲ್ಲಿ ಬರಿಗಾಲಲ್ಲಿ ನಿಂತಿದ್ದ ಗುರುಮಲ್ಲಮ್ಮನಿಗೆ ಸದ್ದು ಕಿವಿಗೆ ಬರುವ ಮೊದಲೇ ಅದರ ಏಟು ಅಂಗಾಲಿಗೆ ಬಂತು.

ಅವರು ಬರೆದದ್ದು ಹೀಗೆ. ಗೋಪುರ ಹಿಮಕ್ಕೆ ಒಂದೇ ಲಯದಲ್ಲಿ ಗುದ್ದುತ್ತಿರುತ್ತದೆ. ಆ ಗುದ್ದು ನೆಲದೊಳಗಿನಿಂದ ಹೋಗುವುದರಿಂದ ಬೆಟ್ಟದ ಹಿಂದಕ್ಕೂ ತಲುಪುತ್ತದೆ. ಸಿಪಾಯಿಯ ಒಂದೊಂದು ಕೀಲಿನಲ್ಲೂ ಒಂದೊಂದು ಪುಟ್ಟ ಗಡಿಯಾರವಿದೆ. ಕೆಲ್ವಾದ ಚಳಿಗೆ ಅವು ಒಂದೊಂದು ವೇಗದಲ್ಲಿ ಓಡುತ್ತವೆ. ಗೋಪುರದ ಲಯ ಕೇಳಿ ಅವು ತಮ್ಮನ್ನು ತಿದ್ದಿಕೊಳ್ಳುತ್ತವೆ. ಲಯ ನಿಂತರೆ ಕೀಲಿಗೆ ಕೀಲು ತಾಳೆಯಾಗದೆ ಯಂತ್ರ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಹಾಗಾಗದಿರಲೆಂದು ಅದು ಬಿಗಿದು ನಿಲ್ಲುತ್ತದೆ. ಬೇಹುಗಾರನಿಗೆ ಇರುವುದು ಒಂದೇ ಚಕ್ರ. ತಾಳೆ ನೋಡಲು ಇನ್ನೊಂದಿಲ್ಲ, ಆದ್ದರಿಂದ ಅದು ನಿಲ್ಲುವುದಿಲ್ಲ.

ಓದುತ್ತ ನಾನು ಕೂತಲ್ಲೇ ಬೆರಗಾದೆ. ಜನ ಮೋಸ ಎಂದಿದ್ದ ಎರಡು ನಿಯಮಗಳು ಒಂದಕ್ಕೊಂದು ಸಾಕ್ಷಿಯಾಗಿ ನಿಂತಿದ್ದವು. ಆದರೆ ಅವರು ಅಲ್ಲಿಗೆ ನಿಲ್ಲಿಸಿರಲಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದ್ದರು: ಬೇಹುಗಾರ ಬಂದು ಪಕ್ಕದಲ್ಲಿ ನೆಲ ತಟ್ಟಿದರೆ ಸಿಪಾಯಿ ಏಳಬಹುದು.

ಸುಧಾಕರ್ ಆತಂಕದಿಂದ ಕಾರು ಹತ್ತಿ ಬೇಗೂರಿಗೇ ಬಂದರು. "ಕಾರಣ ಕೊಡಿ ಅಂದ್ರೆ ಹೊಸ ನಿಯಮಾನೇ ಕೊಟ್ಟಿದ್ದೀರಲ್ಲ ಮೇಡಂ. ಸಿಪಾಯಿಗಳೆಲ್ಲ ಎದ್ದು ಕೂತ್ರೆ ಆಟ ಮುಗಿಯೋದು ಹೇಗೆ?"

"ಕಾರಣ ಗಟ್ಟಿ ಇದ್ರೆ ಅದರ ಹಿಂದೆ ಇದೂ ಬರುತ್ತೆ ಸರ್. ತಡೆದ್ರೆ ಸುಳ್ಳಾಗುತ್ತೆ."

ಜಗಲಿಯ ಮೇಲೆ ಇಬ್ಬರೂ ಮಧ್ಯಾಹ್ನವಿಡೀ ವಾದ ಮಾಡಿದರು, ಒಬ್ಬರು ಗಟ್ಟಿಯಾಗಿ, ಇನ್ನೊಬ್ಬರು ಉಸಿರಿನಲ್ಲಿ. ಗಂಟು ಬಿಡಿಸಿದ್ದು ಸುಧಾಕರ್. ಬೇಹುಗಾರ ಒಂದು ಸಲಕ್ಕೆ ಒಬ್ಬನನ್ನು ಮಾತ್ರ ಎಬ್ಬಿಸಬಲ್ಲ, ತಟ್ಟುವಷ್ಟು ಹೊತ್ತು ತಾನು ಕದಲುವಂತಿಲ್ಲ, ಶತ್ರುವಿಗೆ ಸಿಕ್ಕಿಬೀಳಬಹುದು. ಆಟ ಮುಗಿಯುತ್ತದೆ, ಆದರೆ ಕಡೆಯ ಅವಕಾಶವೊಂದು ಉಳಿಯುತ್ತದೆ. ಒಪ್ಪಿದ ಗುರುಮಲ್ಲಮ್ಮ ಎರಡು ಸಲ ಕೈ ತಟ್ಟಿದರು. ಮನೆಗೆ ಯಾರೋ ಬಂದಿದ್ದಾರೆಂಬ ಆ ಸನ್ನೆ ಸುಧಾಕರ್‌ಗೆ ಅರ್ಥವಾಗಲಿಲ್ಲ. ಹೊಲದಿಂದ ಓಡಿಬಂದ ನಂಜುಂಡಪ್ಪನಿಗೆ ಕಾಫಿ ಕಾಯಿಸುವ ಕೆಲಸ ಬಿತ್ತು.

ಮುಂದಿನ ಪರೀಕ್ಷೆಯ ದಿನ ಏನಾಯಿತೆಂದು ಬೃಂದಾ ಹೇಳುತ್ತಾರೆ: "ಒಬ್ಬ ಹುಡುಗಿ ಆಡ್ತಿದ್ಲು. ಗೋಪುರ ಬಿತ್ತು. ಎದ್ದು ಹೋಗ್ತಾಳೆ ಅಂದ್ಕೊಂಡ್ವಿ. ಅವಳ ಹತ್ರ ಉಳಿದಿದ್ದು ಒಂದೇ ಬೇಹುಗಾರ. ಅದನ್ನ ನಿಧಾನಕ್ಕೆ ತಂದು ಒಬ್ಬ ಸಿಪಾಯಿ ಪಕ್ಕ ನಿಲ್ಲಿಸಿ ತಟ್ಟಿದ್ಲು. ಅವನು ಎದ್ದ. ಇನ್ನೊಬ್ಬನ ಹತ್ರ ಹೋದ್ಲು. ನಾವೆಲ್ಲ ಅವಳ ಕುರ್ಚಿ ಹಿಂದೆ ಬಂದು ನಿಂತ್ವಿ ಸರ್. ಕೊನೆಗೆ ಸೋತ್ಲು. ಸೋತು, ಇನ್ನೊಂದ್ಸಲ ಆಡ್ಲಾ ಅಂತ ಕೇಳಿದ್ಲು." ಆಟ ಬಿಡುಗಡೆಯಾಯಿತು, ಸ್ಟುಡಿಯೋ ಉಳಿಯಿತು. ಗುರುಮಲ್ಲಮ್ಮನ ಅಭ್ಯಾಸವೂ ಫಲ ಕೊಟ್ಟಿದೆ. ಮೊದಲು ಬರೀ ಉಸಿರಿದ್ದಲ್ಲಿ ಈಗ ತುಸು ಗೊಗ್ಗರು ದನಿ ಹುಟ್ಟಿದೆ. ಪಾಠಕ್ಕೆ ಅದು ಸಾಲದು.

ಇದೆಲ್ಲ ಕೊನೆಗೂ ಸುಳ್ಳೇ ಅಲ್ಲವೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಅವರಿಗೆ ಬೇಸರವಾಗುವುದಿಲ್ಲ. "ಸುಳ್ಳೇ. ಆದ್ರೆ ಆ ಚಂದ್ರ ಇದ್ದಿದ್ರೆ ಹಿಂಗೇ ಇರ್ತಿತ್ತು," ಎನ್ನುತ್ತಾರೆ.

ಇನ್ನೂ ಉತ್ತರ ಸಿಗದ ನಿಯಮ ಯಾವುದಾದರೂ ಇದೆಯೇ?

"ಒಂದಿದೆ. ಸೋತೋರು ಹಿಂದೆ ಸೇವ್ ಮಾಡಿಟ್ಟ ಜಾಗಕ್ಕೆ ವಾಪಸ್ ಹೋಗಿ ಮತ್ತೆ ಆಡ್ತಾರಲ್ಲ, ಅದು. ಕಳೆದುಹೋಗಿದ್ದು ಇದ್ದಂಗೇ ವಾಪಸ್ ಬರೋದಕ್ಕೆ ನನಗೆ ಯಾವ ದಾರೀನೂ ಕಾಣ್ತಿಲ್ಲ. ಸುಧಾಕರ್ ಸರ್ ಏನಾದ್ರೂ ಬರೆದುಬುಡಿ, ಯಾರೂ ಕೇಳಲ್ಲ ಅಂದ್ರು. ನಾನು ಬರೀಲಿಲ್ಲ."

ಹಾಗಾದರೆ ಅಲ್ಲಿ ಏನಿದೆ?

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ತೋರಿಸುತ್ತಾರೆ. ಸಾವಿರಾರು ಜನ ಆಡುವ ಆ ಆಟದಲ್ಲಿ, ಆ ನಿಯಮದ ಎದುರು ಒಂದೇ ಸಾಲಿದೆ: ಇದರ ಕಾರಣ ಇನ್ನೂ ಗೊತ್ತಾಗಿಲ್ಲ.

"ಇಪ್ಪತ್ತು ವರ್ಷ ಪಾಠ ಮಾಡಿದೋಳು ನಾನು," ಎನ್ನುತ್ತಾರೆ, ದನಿ ಒಡೆಯುವಷ್ಟು ಎತ್ತಿ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬರ್ದಿದೀನಿ."